ಬೀಗದವನ ಪುಟ

ಹಲ್ಲಿನ ಅಚ್ಚಿಗೆ ಹುಯ್ದ ಪ್ಲಾಸ್ಟರ್ ಗಟ್ಟಿಯಾಗಲು ಮುಕ್ಕಾಲು ಗಂಟೆ ಬೇಕು. ಕಟ್ಟುಹಲ್ಲು ಮಾಡುವ ಆ ಕೋಣೆಯಲ್ಲಿ ಉಳಿದವರು ಆ ಹೊತ್ತಿಗೆ ಡಬ್ಬಿ ಬಿಚ್ಚುತ್ತಿದ್ದರು, ಹರಟೆಗೆ ಕೂರುತ್ತಿದ್ದರು. ತಂಗಿ ಮಾತ್ರ ಎರಡು ತಿಂಗಳಿಂದ ಬಿಳಿಪುಡಿ ಮೆತ್ತಿದ ಬೆರಳಲ್ಲೇ ಲ್ಯಾಪ್‌ಟಾಪ್ ಕುಟ್ಟುತ್ತಿದ್ದಳು. ತಂಗಿ ಎಂದರೆ ಎಳೆಯವಳೇನಲ್ಲ, ನಲವತ್ತೊಂದು ದಾಟಿದ ಹೆಂಗಸು. ಅಣ್ಣ ಹಾಗೆ ಕರೆದೂ ಕರೆದೂ ಗೆಳೆಯರ ಬಾಯಲ್ಲೂ ಅದೇ ನಿಂತುಬಿಟ್ಟಿತ್ತು.

ಕುಟ್ಟುತ್ತಿದ್ದದ್ದು ಆಫೀಸಿನ ಕೆಲಸವಲ್ಲ, ಆಟದ್ದು. ಒಂಬತ್ತು ವರ್ಷದಿಂದ ಪ್ರತಿ ಭಾನುವಾರ ಮಧ್ಯಾಹ್ನ ಅವಳ ಮನೆಯ ಊಟದ ಮೇಜಿನ ಸುತ್ತ ನಾಲ್ಕು ಜನ ಕೂತು ಆಡುವ ಆಟ. ಒಬ್ಬರು ಕಥೆ ನಡೆಸಬೇಕು. ಮಿಕ್ಕವರು ಆ ಕಥೆಯೊಳಗೆ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಹೊಕ್ಕು, ತಾವು ಏನು ಮಾಡುತ್ತೇವೆಂದು ಹೇಳಿ, ದಾಳ ಉರುಳಿಸಬೇಕು. ದಾಳ ಏನು ಹೇಳುತ್ತದೋ ಅದೇ ಅವರ ಹಣೆಬರಹ. ಕಥೆ ನಡೆಸುವವಳು ತಂಗಿ. ಗೆಳತಿ ಪಶುವೈದ್ಯೆ ಕಥೆಯಲ್ಲಿ ಒಂಟಿಗಣ್ಣಿನ ಕಳ್ಳಿ. ಎಲ್ಲರೂ 'ತರಲೆ' ಎಂದು ಕರೆಯುವ ಚಿಕ್ಕಪ್ಪನ ಮಗ, ಮಾತಿಗೆ ಮುಂಚೆ ಕತ್ತಿ ಹಿರಿಯುವ ಸಿಪಾಯಿ. ಅಣ್ಣ ಬೀಗದವನು; ಎಂಥ ಬೀಗವನ್ನೂ ಬಿಚ್ಚಬಲ್ಲ ಮುದುಕ.

ಒಂಬತ್ತು ವರ್ಷದ ಕಥೆಯೆಂದರೆ ಹುಡುಗಾಟವೇ? ಯಾವ ರಾಣಿಗೆ ಏನು ಮಾತು ಕೊಟ್ಟಿದ್ದರು, ಯಾವ ಸೇತುವೆ ಸುಟ್ಟು ಬಂದಿದ್ದರು, ಯಾರ ಮಗಳು ಯಾರ ವೈರಿ, ಎಲ್ಲ ನೆನಪಿರಬೇಕು. ಆ ನೆನಪು ಅಣ್ಣನದು. ಲಿಫ್ಟ್ ತಪಾಸಣೆ ಮಾಡಿ ವರದಿ ಬರೆದು ಪಳಗಿದ ಕೈ ಅವನದು. ಹನ್ನೊಂದು ನೋಟ್‌ಬುಕ್ಕಿನಲ್ಲಿ ಒಂದೂ ಚಿತ್ತಿಲ್ಲ. ಹಾಗಿದ್ದವನು ಎರಡು ತಿಂಗಳ ಹಿಂದೆ ಆಟ ಮುಗಿದ ಮೇಲೆ ಹನ್ನೊಂದನೆಯದನ್ನು ಮೇಜಿನ ಮೇಲಿಟ್ಟು, "ಇನ್ನು ನನ್ ಕೈಲಿ ಆಗಲ್ಲ ಕಣೇ. ಬೇರೆ ಯಾರಾದ್ರೂ ಬರ್ಕೊಳ್ಳಿ" ಎಂದು ಚಪ್ಪಲಿ ಮೆಟ್ಟಿ ಹೊರಟುಹೋದ. ಮುಂದಿನ ಭಾನುವಾರ ಬರಲಿಲ್ಲ. ಫೋನ್ ಮಾಡಿದರೆ "ಕೆಲ್ಸ ಇದೆ" ಎಂಬ ಒಂದೇ ಮಾತು. ಅಪ್ಪ ಹೋದ ಮೇಲೆ ಅಣ್ಣ ತಂಗಿ ಮುಖ ನೋಡುತ್ತಿದ್ದದ್ದು ಆ ಮೇಜಿನಲ್ಲಿ ಮಾತ್ರ. ಅದೂ ತಪ್ಪಿದರೆ ತನಗೆ ಅಣ್ಣ ಎಂಬುವನು ಫೋನಿನಲ್ಲೊಂದು ನಂಬರಾಗಿ ಉಳಿಯುತ್ತಾನೆ ಎಂದು ಅವಳಿಗೆ ಹೆದರಿಕೆ ಹತ್ತಿತು.

ಬರೆದೂ ಬರೆದೂ ಕೈ ಸೋತಿದೆ, ಪಾಪ, ಎಂದು ಅವಳು ತೀರ್ಮಾನಿಸಿದಳು. ಬರೆಯುವ ಹೊರೆ ಇಳಿದರೆ ತಾನೇ ಬರುತ್ತಾನೆ. ಟಿಪ್ಪಣಿ ಇಡಲು ಒಳ್ಳೆಯದೊಂದು ಸಾಫ್ಟ್‌ವೇರ್ ಹುಡುಕಬೇಕು, ಅಷ್ಟೇ.

"ಅಷ್ಟೇ ಅಂತೆ! ಒಂದು ಬಿಟ್ಟು ಹತ್ತು ತೋರಿಸ್ತೀನಿ" ಎಂದು ತರಲೆ ಟೊಂಕ ಕಟ್ಟಿ ನಿಂತ. ನೋಟ್‌ಬುಕ್ಕುಗಳನ್ನು ಮೂವರೂ ಹಂಚಿಕೊಂಡರು. ಗಟ್ಟಿಯಾಗಿ ಓದುತ್ತ ಹೋದರೆ ಫೋನೇ ಕೇಳಿಸಿಕೊಂಡು ಅಕ್ಷರ ಮಾಡಿಕೊಳ್ಳುತ್ತಿತ್ತು, ತಪ್ಪು ತಿದ್ದುವುದಷ್ಟೇ ಇವರ ಪಾಲು. ಸಾಫ್ಟ್‌ವೇರ್ ಆರಿಸುವುದು ಮಾತ್ರ ಹೆಣ್ಣು ಗಂಡು ನೋಡುವುದಕ್ಕಿಂತ ಕಷ್ಟವಾಯಿತು. ಮೊದಲನೆಯದು ನೋಡಲು ಲಕ್ಷಣ, ನಕ್ಷೆಯ ಮೇಲೆ ಬೆರಳಿಟ್ಟರೆ ಊರು ತೆರೆದುಕೊಳ್ಳುತ್ತಿತ್ತು. ಆದರೆ ನೆಟ್ ಇಲ್ಲದಿದ್ದರೆ ಮುಖ ತಿರುಗಿಸಿ ಕೂರುತ್ತಿತ್ತು. ಎರಡನೆಯದು ಬೀರುವಿನ ಜಾತಿ, ಖಾನೆಯೊಳಗೆ ಖಾನೆ, ಅದರೊಳಗೆ ಮತ್ತೊಂದು. ಇಟ್ಟದ್ದು ಸಿಗಬೇಕಾದರೆ ಇಟ್ಟವರೇ ಬೇಕು. ಮೂರನೆಯದು ಪಶುವೈದ್ಯೆಗೆ ಹಿಡಿಸಿತು. ಪ್ರತಿಯೊಬ್ಬರಿಗೂ ಒಂದು ಪುಟ. ಹೆಸರು ಎಲ್ಲೆಲ್ಲಿ ಬಂದಿದೆಯೋ ಅದನ್ನೆಲ್ಲ ತಾನೇ ಎಣಿಸಿ ಆ ಪುಟದ ಕೆಳಗೆ ಪಟ್ಟಿ ಮಾಡಿಕೊಡುತ್ತಿತ್ತು.

ಒಂದು ಬುಧವಾರ, ಪ್ಲಾಸ್ಟರ್ ಒಣಗುತ್ತಿದ್ದಾಗ ತಂಗಿ ಮೂವರ ಪಾಲನ್ನೂ ಅದಕ್ಕೆ ತುಂಬಿದಳು. ಸಿಪಾಯಿ: ಸಾವಿರದ ಮುನ್ನೂರ ಎರಡು ಸಲ. ಕಳ್ಳಿ: ಸಾವಿರದ ನೂರ ನಲವತ್ತು. ಬೀಗದವನು: ಆರು.

ಸಾಫ್ಟ್‌ವೇರೇ ಸರಿಯಿಲ್ಲ ಎಂದು ಮೂಗು ಮುರಿದಳು. ಬೀರುವಿನಂಥದ್ದರಲ್ಲಿ ಹುಡುಕಿದಳು. ಆರು. ಲಕ್ಷಣವಾದದ್ದರಲ್ಲಿ ಹುಡುಕಿದಳು. ಅಲ್ಲೂ ಆರು. ಫೋನು ಕೇಳಿಸಿಕೊಂಡದ್ದೇ ತಪ್ಪಿರಬೇಕೆಂದು ಸಂಜೆ ಹನ್ನೊಂದೂ ನೋಟ್‌ಬುಕ್ಕನ್ನು ತರಿಸಿಕೊಂಡು ನೆಲದ ಮೇಲೆ ಹರಡಿ, ಸಾಲುಸಾಲಿಗೂ ಬೆರಳಿಟ್ಟು ನೋಡಿದಳು. ಮೊದಲ ನೋಟ್‌ಬುಕ್ಕಿನಲ್ಲಿ ನಾಲ್ಕು, ಎರಡನೆಯದರಲ್ಲಿ ಎರಡು. ಆಮೇಲೆ ಒಂಬತ್ತು ನೋಟ್‌ಬುಕ್ ಉದ್ದಕ್ಕೂ ಇಲ್ಲವೇ ಇಲ್ಲ.

ಮೊದಲು ಬಂದದ್ದು ಸಿಟ್ಟು. ತನ್ನದನ್ನು ತಾನು ಬರೆದುಕೊಳ್ಳಲು ಇವನಿಗೇನು ಧಾಡಿ? ಸರಿ, ನಾನೇ ತುಂಬಿಸುತ್ತೇನೆ ಎಂದು ಖಾಲಿ ಪುಟ ತೆರೆದು ಕೂತಳು. ಬೀಗದವನು ಏನೇನು ಮಾಡಿದ? ಕಥೆ ನಡೆಸಿದವಳು ತಾನೇ, ತನಗೆ ಗೊತ್ತಿರದೆ ಇನ್ಯಾರಿಗೆ? ಉಪ್ಪಿನ ಕೋಟೆಯಲ್ಲಿ... ಕೋಟೆ ಬಾಗಿಲು ತೆರೆದೇ ಇತ್ತು. ಹಾಗೆಂದು ಹೇಳಿದವಳು ತಾನೇ. ರಾಣಿಯ ಖಜಾನೆಯಲ್ಲಿ? ಅದಕ್ಕೂ ಬೀಗ ಇಟ್ಟಿರಲಿಲ್ಲ.

ಆಗ ಅವಳಿಗೆ ಹೊಳೆಯಿತು. ಎರಡನೇ ವರ್ಷ ತರಲೆ ಗೊಣಗಿದ್ದ, ಪ್ರತಿ ಬಾಗಿಲಿಗೂ ಬೀಗ ಇಟ್ಟರೆ ಆಟ ಎಳೆಯುತ್ತದೆ, ಬೇಜಾರು ಎಂದು. ಅಂದಿನಿಂದ ತಂಗಿ ಕಥೆಯಲ್ಲಿ ಬೀಗ ಹಾಕುವುದನ್ನೇ ಬಿಟ್ಟಿದ್ದಳು. ಒಂದು ಲೋಕಕ್ಕೆ ಲೋಕವೇ ಬಾಗಿಲು ತೆರೆದು ಕೂತಿತ್ತು, ಅದರೊಳಗೆ ಒಬ್ಬ ಬೀಗದವನು ಏಳು ವರ್ಷ ತಿರುಗಿದ್ದ. ಅವನ ಸರದಿ ಬಂದಾಗ ತಾನು ಕೇಳುತ್ತಿದ್ದದ್ದು ಒಂದೇ ಮಾತು: "ಅಣ್ಣಾ, ಬರ್ಕೊಂಡ್ಯಾ?" ಅವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಯಾರೂ ನೋಡುತ್ತಿರಲಿಲ್ಲ, ಆದರೂ ಲ್ಯಾಪ್‌ಟಾಪ್ ಮುಚ್ಚಿದಳು.

ಮರುದಿನ ಅರ್ಧ ದಿನ ರಜೆ ಹಾಕಿ ಅವನು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ಹೋದಳು. ಲಿಫ್ಟ್ ತಪಾಸಣೆಯಲ್ಲಿತ್ತು, ಎಂಟು ಮಹಡಿ ಹತ್ತಿದಳು. ತಾರಸಿಯ ಯಂತ್ರದ ಕೋಣೆಯಲ್ಲಿ ಅಣ್ಣ ಮೊಣಕಾಲೂರಿ ಟಾರ್ಚ್ ಹಿಡಿದು ತಂತಿಹಗ್ಗದ ಎಳೆ ಎಣಿಸುತ್ತಿದ್ದ. ಎಣಿಕೆ ಮುಗಿಯುವವರೆಗೆ ತಲೆ ಎತ್ತಲಿಲ್ಲ.

"ಏದುಸಿರು ನೋಡು! ಯಾರಿಗೇನಾಯ್ತೇ?"

"ಏನೂ ಆಗಿಲ್ಲ. ಸಾಫ್ಟ್‌ವೇರ್ ಸಿಕ್ತು. ಇನ್ಮೇಲೆ ನೀನು ಬರೆಯೋ ಹಾಗಿಲ್ಲ."

"ಒಳ್ಳೇದಾಯ್ತು. ಹುಡುಕಿದ್ರೆ ಬೇಗ ಸಿಗುತ್ತಾ?"

"ಸಿಗುತ್ತೆ. ಯಾರು ಎಷ್ಟು ಸಲ ಬಂದಿದ್ದಾರೆ ಅಂತಾನೂ ಹೇಳುತ್ತೆ." ಅವಳು ಬೆವರು ಒರೆಸಿಕೊಂಡಳು. "ನೀನು ಆರು ಸಲ."

ಅಣ್ಣ ಟಾರ್ಚ್ ಆರಿಸಿದ. "ಆರಾ? ನಾನು ಐದು ಅಂದ್ಕೊಂಡಿದ್ದೆ."

ಬೈದಿದ್ದರೆ ವಾಸಿಯಿತ್ತು. ಅವನು ಎಣಿಸಿಕೊಂಡಿದ್ದ, ಅದೂ ಒಂದು ಕಡಿಮೆ ಎಣಿಸಿದ್ದ. ಅವಳು ಗ್ರೀಸ್ ಮೆತ್ತಿದ ಮೆಟ್ಟಿಲ ಮೇಲೆ ಹಾಗೇ ಕೂತಳು.

"ನೀನೇ ಹೇಳು ಅಣ್ಣ, ನಾನು ಬರ್ಕೋತೀನಿ. ಬೀಗದವನು ಏನೇನು ಮಾಡ್ದ?"

ಅವನು ನಿಜಕ್ಕೂ ನೆನಪಿಸಿಕೊಳ್ಳಲು ನೋಡಿದ. ಕೈ ಒರೆಸುತ್ತ ಶುರುಮಾಡಿದ. "ಸುರಂಗದಲ್ಲಿ ಕಳ್ಳಿ ಹಾವಿನ ಬಾಯಿಗೆ ಕೈ ಹಾಕಿದ್ಲು. ಸಿಪಾಯಿ ಸೇತುವೆ ಮೇಲೆ ಒಬ್ನೇ ನಿಂತ. ಆಮೇಲೆ ಆ ರಾಣಿ ಅತ್ಲಲ್ಲ, ಅವತ್ತು ನೀನೂ ಅತ್ತಿದ್ದೆ, ಕಥೆ ಹೇಳ್ತಾ ಹೇಳ್ತಾ..."

"ಅವರದ್ದಲ್ಲ. ನಿಂದು."

ಒರೆಸಿದ ಕೈಯನ್ನೇ ಮತ್ತೆ ಒರೆಸಿದ. "ನೆನಪಾಗ್ತಿಲ್ಲ ಕಣೇ" ಎಂದ ಕೊನೆಗೆ. "ನಾನು ಬರೀತಾ ಇದ್ದೆ."

"ಈ ಭಾನುವಾರ ಬಾ. ಎಲ್ಲಾ ಬಾಗಿಲಿಗೂ ಬೀಗ ಹಾಕ್ತೀನಿ."

ಅಣ್ಣ ನಕ್ಕ. ನಗುವಿನಲ್ಲಿ ಸಿಟ್ಟಿರಲಿಲ್ಲ, ಅದೇ ಅವಳನ್ನು ಹೆಚ್ಚು ನೋಯಿಸಿತು. "ನಂಗೋಸ್ಕರ ಬೀಗ ಹಾಕ್ತೀಯಾ? ಮಕ್ಕಳ ಎದುರು ದೊಡ್ಡೋರು ಬೇಕಂತಲೇ ಸೋಲ್ತಾರಲ್ಲ, ಹಾಗಾಯ್ತು." ಟಾರ್ಚ್ ಮತ್ತೆ ಹೊತ್ತಿಸಿದ. "ಹುಷಾರಾಗಿ ಇಳಿ. ಲಿಫ್ಟ್ ಇಲ್ಲ."

ಭಾನುವಾರ ಮೂವರೂ ಮೇಜಿಗೆ ಕೂತರು. ನಾಲ್ಕನೇ ಕುರ್ಚಿಯನ್ನು ತಂಗಿ ತೆಗೆದಿಡಲಿಲ್ಲ. ಹೆಸರು ಎಣಿಸುವ ಆ ಮೂರನೆಯ ಸಾಫ್ಟ್‌ವೇರನ್ನು ತೆರೆದುಕೊಂಡು ತರಲೆ ಹುರುಪಿನಲ್ಲಿದ್ದ. ಅರ್ಧ ಗಂಟೆಯಲ್ಲಿ ಕಳ್ಳಿ, ಸಿಪಾಯಿ ಇಬ್ಬರೂ ಬೆಟ್ಟದೊಳಗಿನ ಕಬ್ಬಿಣದ ಬಾಗಿಲಿಗೆ ಬಂದು ನಿಂತರು.

"ಬೀಗ ಹಾಕಿದೆ" ಎಂದಳು ತಂಗಿ.

ಸಿಪಾಯಿ ಒದ್ದ. ಕಳ್ಳಿ ಕೂದಲ ಪಿನ್ನು ತೂರಿಸಿದಳು. ದಾಳ ಮತ್ತೆ ಮತ್ತೆ ಉರುಳಿತು, ಬಾಗಿಲು ಜಗ್ಗಲಿಲ್ಲ.

"ಇದೇನೇ ಹೊಸ ಕಾಟ?" ಎಂದ ತರಲೆ. "ಯಾವಾಗ್ಲೂ ತೆರೆದೇ ಇರ್ತಿತ್ತಲ್ಲ. ತೆರೆದಿದೆ ಅನ್ನು, ಮುಂದೆ ಹೋಗೋಣ."

"ತೆರೆದಿಲ್ಲ."

ಪಶುವೈದ್ಯೆ ಒಮ್ಮೆ ಖಾಲಿ ಕುರ್ಚಿಯ ಕಡೆ ನೋಡಿ ದಾಳ ಕೆಳಗಿಟ್ಟಳು. ನಾಲ್ಕು ಗಂಟೆಯಾಯಿತು, ಐದಾಯಿತು. ಬೀದಿಯಲ್ಲಿ ಯಾರದೋ ಹೆಜ್ಜೆ ಸದ್ದಾದಾಗಲೆಲ್ಲ ಮೂವರೂ ಕಿವಿ ನಿಮಿರಿಸಿದರು, ಆ ಹೆಜ್ಜೆಗಳು ಮುಂದೆ ಹೋದವು.

"ಸರಿ, ಇವತ್ತಿಂದು ಏನಂತ ಬರೀಲಿ?" ಎಂದ ತರಲೆ. ಈ ಸಲ ಅವನ ದನಿಯಲ್ಲಿ ತರಲೆ ಇರಲಿಲ್ಲ.

"ಬಾಗಿಲು ಮುಚ್ಚಿತ್ತು ಅಂತ ಬರಿ" ಎಂದಳು ತಂಗಿ. "ಬೀಗದವನು ಇರಲಿಲ್ಲ ಅಂತ ಬರಿ."

ತರಲೆ ಬರೆದ. ಬೀಗದವನ ಪುಟದ ಕೆಳಗೆ ಆರು ಇದ್ದದ್ದು ಏಳಾಯಿತು.