ನೀಲಾವತಿಯ ಸಾಲು

ಐಸ್ ಗಡ್ಡೆಯನ್ನು ಮಂಚದಡಿಗೆ ಕಾಲಿನಿಂದ ತಳ್ಳುತ್ತಿದ್ದ ಜಯಾನಂದನ ಮೇಲೆ ಮಗಳು ಸರಳಾ ರೇಗಿದಳು.

“ಪಪ್ಪಾ, ಕಾಲಿಂದ ತಳ್ತೀರಲ್ಲ, ಮೇಲೆ ಮಮ್ಮಿ ಮಲಗಿದಾಳೆ!”

“ಕೈ ಮರಗಟ್ಟಿದೆ ಕಣೇ. ನಿಮ್ಮಮ್ಮನಿಗೆ ಸಾಯೋಕೆ ದಿಲ್ಲಿಯ ಮೇ ತಿಂಗಳೇ ಬೇಕಿತ್ತಾ?”

ಹೇಳಿಬಿಟ್ಟು ನಾಲಿಗೆ ಕಚ್ಚಿಕೊಂಡ. ಮಂಚದ ಮೇಲೆ ಬಿಳಿ ಸೀರೆ ಉಟ್ಟು ಮಲಗಿದ್ದ ನೀಲಾವತಿ ಉತ್ತರ ಕೊಡಲಿಲ್ಲ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಗಂಡನ ಮಾತಿಗೆ ಅವಳು ಉತ್ತರ ಕೊಡದೆ ಬಿಟ್ಟದ್ದು ಇದೇ ಮೊದಲು. ಅದಕ್ಕೂ ಅವನಿಗೆ ಸಿಟ್ಟು ಬಂತು.

ಎಲ್ಲದಕ್ಕೂ ಸಿಟ್ಟು ಬರುವಂಥ ದಿನವೇ ಅದು. ದೇಶದಲ್ಲೆಲ್ಲ ರೈಲು ಮುಷ್ಕರ, ಮಂಗಳೂರಿನಿಂದ ಒಂದು ನರಪಿಳ್ಳೆಯೂ ಬರುವ ಹಾಗಿಲ್ಲ. ನಿನ್ನೆ ಸಂಜೆ ಆಸ್ಪತ್ರೆಯಲ್ಲಿ ಅವಳ ಉಸಿರು ನಿಂತ ಮೇಲೆ ಬುಕ್ ಮಾಡಿದ ಟ್ರಂಕ್ ಕಾಲ್ ಇನ್ನೂ ಸಿಕ್ಕಿಲ್ಲ. ಸರೋಜಿನಿ ನಗರದ ಸರಕಾರಿ ಕ್ವಾರ್ಟರ್ಸು ಬೆಳಿಗ್ಗೆ ಎಂಟಕ್ಕೇ ಒಲೆಯ ಹಾಗೆ ಕಾದಿತ್ತು. ಸಾಲದ್ದಕ್ಕೆ, ಐದಡಿಯೂ ಇಲ್ಲದ ನೀಲಾವತಿಗೆ ಬಡಗಿ ಆರೂವರೆ ಅಡಿಯ ಪೆಟ್ಟಿಗೆ ಮಾಡಿಕೊಂಡು ಬಂದಿದ್ದ.

“ಇರಲಿ ಬಿಡಿ ಜಯಾನಂದರೇ,” ಎಂದರು ಕೆಳಮನೆಯ ರಿಟೈರ್ಡ್ ಸುಬೇದಾರ್ ಬಿದ್ದಯ್ಯ. ಕೊಡಗಿನವರು, ಬೆಳಗಿನಿಂದ ಐಸು ಹೊರಿಸುವ ಕೆಲಸ ಅವರದೇ. “ಜಾಗ ಇದ್ರೆ ಒಳ್ಳೇದೇ. ಕಾಲ ಹತ್ರ ಐಸ್ ತುಂಬಬಹುದು.”

“ಹೌದು, ಅವಳೇನು ಮಾರೋ ಮೀನಾ?” ಎಂದ ಜಯಾನಂದ. ಬಿದ್ದಯ್ಯ ಬೇಜಾರು ಮಾಡಿಕೊಳ್ಳದೆ ಕೆಳಗೆ ಹೋಗಿ, “ಭಯ್ಯಾ, ಔರ್ ದೋ ಗಡ್ಡೆ!” ಎಂದು ಕೂಗಿದರು.

ಇಬ್ಬರೇ ಉಳಿದಾಗ ಸರಳಾ ಹತ್ತಿರ ಬಂದಳು. ಇಪ್ಪತ್ತೊಂದರ ಹುಡುಗಿ, ಹುಟ್ಟಿದ್ದು ದಿಲ್ಲಿಯಲ್ಲೇ.

“ಪಪ್ಪಾ, ಒಂದು ಬಾತ್ ಹೇಳ್ಬೇಕು. ಮಮ್ಮಿ ಮೊನ್ನೆ ಹೇಳಿದ್ಲು. ಮಣ್ಣು ಮಾಡುವಾಗ ವಿಶ್ವಾಸಪ್ರಮಾಣ ಹೇಳ್ತಾರಲ್ಲ, ಅದ್ರಲ್ಲಿ ಅವಳ ಲೈನ್ ನೀವು ಹೇಳ್ಬೇಕಂತೆ. ಪಾಸ್ಟರ್ ಅಯ್ಯನವರಲ್ಲ, ನಾನೂ ಅಲ್ಲ. ಸಿರ್ಫ್ ನೀವು.”

ನೀಲಾವತಿಯ ಸಾಲು ದಿಲ್ಲಿಯ ಕನ್ನಡ ಕ್ರೈಸ್ತ ಸಭೆಗೆಲ್ಲ ಗೊತ್ತಿದ್ದ ಸಾಲು. ವಿಶ್ವಾಸಪ್ರಮಾಣವೆಂದರೆ ಪ್ರತಿ ಆರಾಧನೆಯಲ್ಲೂ ಎಲ್ಲರೂ ಒಟ್ಟಾಗಿ ಹೇಳುವ ನಂಬಿಕೆಯ ಮಾತು. ಯೇಸು ಶಿಲುಬೆಯಲ್ಲಿ ಸತ್ತನು, ಹೂಣಿಡಲ್ಪಟ್ಟನು, ಪಾತಾಳಕ್ಕೆ ಇಳಿದನು, ಮೂರನೆಯ ದಿನ ಎದ್ದನು ಎಂದು ಮಂಗಳೂರಿನ ಬಾಸೆಲ್ ಮಿಶನ್ನಿನವರು ಮಾತು ಬಂದಾಗಿನಿಂದ ಹೇಳಿಕೊಂಡು ಬಂದವರು. ಕೋಲಾರ, ಬೀದರಿನ ಮೆಥೊಡಿಸ್ಟರಿಗೆ ಪಾತಾಳದ ರೂಢಿ ಇಲ್ಲ. ಅವರು ಸಮಾಧಿಯಿಂದ ನೇರ ಮೂರನೆಯ ದಿನಕ್ಕೆ ಹೋಗುತ್ತಾರೆ. ಊರಲ್ಲಾದರೆ ಅವರವರ ಚರ್ಚು ಅವರವರಿಗೆ. ದಿಲ್ಲಿಯಲ್ಲಿ ಇದ್ದದ್ದು ಎರಡೂ ಕಡೆಯವರು ಸೇರಿ ಐವತ್ತು ಮನೆ, ಭಾನುವಾರ ಸಂಜೆ ಎರಡು ಗಂಟೆ ಎರವಲು ಸಿಗುವ ಒಂದು ಚರ್ಚು. ವಾರವಾರವೂ ಅರ್ಧ ಸಭೆ ಪಾತಾಳಕ್ಕೆ ಇಳಿಯುವಷ್ಟರಲ್ಲಿ ಇನ್ನರ್ಧ ಸಭೆ ಮೂರನೆಯ ದಿನ ಮುಟ್ಟಿರುತ್ತಿತ್ತು. ಮಕ್ಕಳು ಕಿಸಕ್ಕೆಂದು ನಗುತ್ತಿದ್ದವು, ದೊಡ್ಡವರು ಮೆಟ್ಟಿಲ ಮೇಲೆ ನಿಂತು ಜಗಳವಾಡುತ್ತಿದ್ದರು. ಐವತ್ತೆಂಟರಲ್ಲಿ ಕಮಿಟಿ ಕೂತು, ಶಾಂತಿಯ ದೃಷ್ಟಿಯಿಂದ ಪಾತಾಳದ ಸಾಲನ್ನು ಕೈಬಿಡುವುದೆಂದು ನಿರ್ಣಯ ಮಾಡಿತು. ನಿರ್ಣಯ ಬರೆದು ಸಹಿ ಹಾಕಿದ ಕಾರ್ಯದರ್ಶಿ ಜಯಾನಂದ.

ಮುಂದಿನ ಭಾನುವಾರದಿಂದ ಆ ಸಾಲನ್ನು ಒಬ್ಬಳೇ ಗಟ್ಟಿಯಾಗಿ ಹೇಳತೊಡಗಿದವಳು ಕಾರ್ಯದರ್ಶಿಯ ಹೆಂಡತಿ. ಹದಿನಾರು ವರ್ಷ! ಬೈದು ನೋಡಿದರು, ಬೇಡಿ ನೋಡಿದರು. ಕೊನೆಗೆ ಸೋತು, ಅಲ್ಲಿಗೆ ಬಂದಾಗ ಸಭೆಯೇ ಒಂದು ಉಸಿರು ನಿಂತು ಅವಳು ಮುಗಿಸುವ ತನಕ ಕಾಯುವುದನ್ನು ಕಲಿಯಿತು. ಹೊಸದಾಗಿ ವರ್ಗವಾಗಿ ಬಂದವರಿಗೂ ಪಕ್ಕದವರು ಮೊಣಕೈಯಿಂದ ತಿವಿದು, “ಇಲ್ಲಿ ನಿಲ್ಲಿ, ಅಮ್ಮನವರದ್ದು ಇನ್ನೂ ಆಗಿಲ್ಲ,” ಅನ್ನುತ್ತಿದ್ದರು. ಆ ಒಂದು ಉಸಿರಿನ ಹೊತ್ತು ಜಯಾನಂದ ತನ್ನ ಬೂಟನ್ನು ನೋಡುತ್ತ ನಿಂತಿರುತ್ತಿದ್ದ.

“ಸತ್ತ ಮೇಲೂ ಹಟವಾ?” ಎಂದು ಈಗ ಅವನು ಕೂಗಿದ. “ನಾನೇ ಬರೆದದ್ದನ್ನ ನಾನೇ ಮುರೀಬೇಕಾ? ಅಷ್ಟು ಜನರ ಮುಂದೆ ನನ್ನ ಮಾನ ಕಳೀಲೇಬೇಕು ಅಂತ ಪಣ ತೊಟ್ಟಿದಾಳಾ?”

“ನನಗಿಂತ ಮೊದಲು ಹುಟ್ಟಿದ ಭಾಯಿ ವಿಷಯಾನೂ ಹೇಳಿದ್ಲು,” ಎಂದಳು ಸರಳಾ.

ಅವನು ಒರೆಸುವ ಬಟ್ಟೆ ಹುಡುಕತೊಡಗಿದ.

“ಎಲ್ಲಿ ಇಟ್ರಿ ಪಪ್ಪಾ ಅವನನ್ನ?”

“ಅದೇ ಸಿಮೆಟ್ರಿಯಲ್ಲಿ. ಗೋಡೆ ಹತ್ತಿರ.”

“ಗೋಡೆ ಹತ್ತಿರ ಎಲ್ಲಿ?”

“ಗೋಡೆ ಹತ್ತಿರ ಅಂದೆನಲ್ಲ!” ಎಂದು ಗದರಿ, ಕರಗಿದ ನೀರನ್ನು ಒರೆಸುವ ನೆಪದಲ್ಲಿ ಮಂಚದ ಕೆಳಗೆ ಬಗ್ಗಿದ.

*

ಐವತ್ತೊಂದರ ಜನವರಿ. ಚೊಚ್ಚಲು ಮಗು ಬೆಳಗಿನ ಜಾವ ಹುಟ್ಟಿ, ಮಧ್ಯಾಹ್ನದ ಹೊತ್ತಿಗೆ ನೀಲಿಗಟ್ಟಿ ಹೋಯಿತು. ದೀಕ್ಷಾಸ್ನಾನ ಮಾಡಿಸಬೇಕೆಂದು ಹೊಳೆಯುವಷ್ಟರಲ್ಲಿ ಮಗುವೇ ಇರಲಿಲ್ಲ. ಜಯಾನಂದ ಸೈಕಲ್ ಹತ್ತಿ ಅಂದಿನ ಪಾದ್ರಿಯ ಮನೆಗೆ ಹೋದ. ಆ ಪಾದ್ರಿ ವಯಸ್ಸಾದವರು, ನಿಯಮದವರು. ದೀಕ್ಷಾಸ್ನಾನವಾಗದ ಮಗುವಿಗೆ ಶವಸಂಸ್ಕಾರದ ಕ್ರಮವಿಲ್ಲ, ಬೇಕಾದರೆ ಗೋಡೆಯ ಪಕ್ಕ ಇಟ್ಟು ಬನ್ನಿ ಎಂದರು.

ಬಿಸ್ಕತ್ತಿನ ಮರದ ಪೆಟ್ಟಿಗೆಯನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಅವನೊಬ್ಬನೇ ಹೋದ. ಮಂಜು ಕವಿದಿತ್ತು, ಮೂರು ಮಾರು ಆಚೆಗೆ ಏನೂ ಕಾಣುತ್ತಿರಲಿಲ್ಲ. ಗುಂಡಿ ತೋಡಿದವನು ದುಡ್ಡು ತೆಗೆದುಕೊಂಡು ಹೋದ ಮೇಲೆ, ಏನಾದರೂ ಹೇಳಬೇಕು ಅನ್ನಿಸಿತು. ಆದರೆ ಪಾದ್ರಿಯೇ ಬೇಡವೆಂದದ್ದನ್ನು ತನ್ನಂಥ ಸರಕಾರಿ ಗುಮಾಸ್ತ ಹೇಗೆ ಹೇಳುವುದು? ತಪ್ಪಾದರೆ? ತುಟಿ ತೆರೆಯಲು ಹೆದರಿ, ಮಣ್ಣು ಎಳೆದು, ಸೈಕಲ್ ಏರಿ ಬಂದುಬಿಟ್ಟ.

“ಅಯ್ಯನವರು ಬಂದಿದ್ರಾ?” ಎಂದು ಹಾಸಿಗೆಯಿಂದಲೇ ಕೇಳಿದಳು ನೀಲಾವತಿ.

“ಬಂದಿದ್ರು. ಎಲ್ಲ ಕ್ರಮಪ್ರಕಾರ ಆಯ್ತು,” ಎಂದ.

*

ಹನ್ನೊಂದು ಗಂಟೆಗೆ ಪಾಸ್ಟರ್ ರತ್ನಾಕರ ಅಯ್ಯನವರು ಬಂದರು, ಅವರ ಹಿಂದೆಯೇ ಲೀಲಮ್ಮನೂ ಬಂದರು. ಲೀಲಮ್ಮ ಕೋಲಾರದವರು, ನಿವೃತ್ತ ಟೀಚರು, ಮೆಥೊಡಿಸ್ಟರ ಪೈಕಿ ಎಲ್ಲರಿಗಿಂತ ದೊಡ್ಡ ಗಂಟಲು. ಪಾತಾಳದ ಸಾಲು ತೆಗೆಸಲೇಬೇಕೆಂದು ಕಮಿಟಿಯಲ್ಲಿ ಮೇಜು ಗುದ್ದಿದವರೂ ಅವರೇ.

ಲೀಲಮ್ಮ ಮಂಚದ ಹತ್ತಿರ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತರು. “ಏನೇ ನೀಲಾವತಿ, ಕೊನೆಗೂ ಬಾಯಿ ಮುಚ್ಚಿದೆಯಾ? ನನ್ನ ಕೈಲಂತೂ ಆಗ್ಲಿಲ್ಲ,” ಎಂದವರು ಸೆರಗು ಬಾಯಿಗೆ ಒತ್ತಿಕೊಂಡು ಗೊಳೋ ಎಂದು ಅತ್ತರು.

ಅಳು ನಿಂತ ಮೇಲೆ ಜಯಾನಂದ ಗಂಟಲು ಸರಿಮಾಡಿಕೊಂಡು ಅಯ್ಯನವರಿಗೆ ಹೆಂಡತಿಯ ಬಯಕೆಯನ್ನು ಹೇಳಿದ. ಅಯ್ಯನವರು ಬೇಡವೆಂದುಬಿಟ್ಟರೆ ಸಾಕು, ತನ್ನ ತಲೆಯಿಂದ ಹೊರೆ ಇಳಿಯಿತು ಎಂಬ ಆಸೆ ಅವನಿಗಿತ್ತು.

ರತ್ನಾಕರ ಅಯ್ಯನವರಿಗೆ ಮೂವತ್ತೈದೂ ದಾಟಿರಲಿಲ್ಲ. ಈ ಸಭೆಯ ಜಗಳದಲ್ಲಿ ಎರಡೇ ವರ್ಷಕ್ಕೆ ಅವರ ಕಿವಿಯ ಮೇಲೆ ಕೂದಲು ನರೆತಿತ್ತು. “ನೋಡಿ, ಶಿಲುಬೆಯ ಮೇಲೆ ‘ತೀರಿತು’ ಅಂದಾಗಲೇ ಸೈತಾನ ಸೋತ. ಪಾತಾಳಕ್ಕೆ ಇಳಿದ ಅಂದ್ರೂ ಅಷ್ಟೇ, ಅನ್ನದಿದ್ರೂ ಅಷ್ಟೇ. ಇದನ್ನ ಅಮ್ಮನವರಿಗೆ ನೂರು ಸಲ ಹೇಳಿದ್ದೆ.”

“ಏನಂದ್ಲು?”

“‘ತೀರಿತು ಅಂತ ನಿಮಗೆ ಗೊತ್ತು, ನನಗೆ ಗೊತ್ತು. ಒಳಗಿರೋರಿಗೆ ಯಾರು ಹೋಗಿ ಹೇಳಿದ್ರು?’ ಅಂದ್ರು. ನಾನು ಸೆಮಿನರಿಯಲ್ಲಿ ಓದಿದ್ದಕ್ಕೆಲ್ಲ ಅಲ್ಲಿಗೆ ಬೀಗ.” ಅಯ್ಯನವರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. “ನಾನು ನಿರ್ಣಯದ ಪ್ರಕಾರವೇ ಓದ್ತೀನಿ. ನೀವು ಹೇಳೋದಾದ್ರೆ ತಡೆಯೋದಿಲ್ಲ. ನಿಮಗೆ ಬಿಟ್ಟದ್ದು.”

“ಮೊದಲು ಯೇಸುಸ್ವಾಮಿಯನ್ನ ಆ ಕೊಳಕು ಜಾಗಕ್ಕೆ ಕಳಿಸೋದನ್ನ ಬಿಡಿ,” ಎಂದು ಲೀಲಮ್ಮ ಮೂಗು ಸೀನಿಕೊಂಡು ನಡುವೆ ಬಾಯಿ ಹಾಕಿದರು. “ಅವಳಿಗೂ ಇದನ್ನೇ ಹೇಳ್ದೆ. ‘ನಾನೇನು ಕಳಿಸ್ಲಿಲ್ಲ ಲೀಲಕ್ಕ, ಅವನೇ ಹೋದ’ ಅಂತಾಳೆ! ಇಂಥವಳ ಹತ್ರ ಏನು ಮಾತಾಡೋದು?”

ನಿಮಗೆ ಬಿಟ್ಟದ್ದು! ಜಯಾನಂದನಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಮೂವತ್ತೈದು ವರ್ಷ ಸರಕಾರಿ ಫೈಲಿನ ಮೇಲೆ ಮೇಲಿನವರಿಗೆ ಬಿಟ್ಟದ್ದು ಎಂದು ಬರೆದು ಬದುಕಿದವನು ಅವನು. ತಾನು ಹೇಳುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿದ.

*

ಐವತ್ತೆಂಟರಲ್ಲಿ ನಿರ್ಣಯ ಬರೆದು ಮನೆಗೆ ಬಂದ ಸಂಜೆ ನೀಲಾವತಿ ಅಕ್ಕಿ ಆರಿಸುತ್ತಿದ್ದಳು. ವಿಷಯ ಕೇಳಿ ಕೈ ನಿಲ್ಲಿಸಲಿಲ್ಲ.

“ಹೋಗ್ಲಿ ಬಿಡಿ,” ಎಂದಳು. “ನಮ್ಮ ಮಗು ಹತ್ರ ಅಯ್ಯನವರು ಒಂದು ಸಲ ಅದನ್ನ ಹೇಳಿದಾರಲ್ಲ. ನನಗೆ ಅಷ್ಟು ಸಾಕು.”

ಕಮಿಟಿಯಲ್ಲಿ ಮೂರು ಗಂಟೆ ಕೂಗಾಡಿ ಬಂದವನು ಜಯಾನಂದ. ಅವಳ ಆ ಸಮಾಧಾನವೇ ಅವನಿಗೆ ಮುಳ್ಳಿನ ಹಾಗೆ ಚುಚ್ಚಿತು. “ಯಾವ ಅಯ್ಯನವರೂ ಬಂದಿರಲಿಲ್ಲ! ಯಾರೂ ಏನೂ ಹೇಳಿಲ್ಲ!” ಎಂದುಬಿಟ್ಟ.

ಮೊರ ಕೆಳಗಿಟ್ಟಳು. “ನೀವು?”

“ಇಲ್ಲ.”

“ಕರ್ತನ ಪ್ರಾರ್ಥನೆ?”

“ಇಲ್ಲ ಅಂದೆನಲ್ಲ! ಹೆದರಿಕೆ ಆಯ್ತು.”

ಅವಳು ಮೊರದ ಅಕ್ಕಿಯನ್ನು ಡಬ್ಬಕ್ಕೆ ಸುರಿದಳು. ಆಮೇಲೆ, “ಕೇಳಿ,” ಎಂದಳು. “ಸೈತಾನ ಬಾಗಿಲು ಹಾಕಿಕೊಂಡು ಕೂತಿದಾನೆ. ಬೀದಿಯಲ್ಲಿ ನಿಂತು ಗೆದ್ದೆ ಗೆದ್ದೆ ಅಂತ ಕೂಗಿದ್ರೆ ಒಳಗಿರೋ ಕೂಸಿಗೇನು ಬಂತು? ಸ್ವಾಮಿ ಒಳಗೆ ಹೋಗಬೇಕು, ಅಗಳಿ ಮುರೀಬೇಕು, ಎತ್ಕೊಂಡು ಬರಬೇಕು. ದೀಕ್ಷಾಸ್ನಾನ ಇಲ್ಲ, ಪ್ರಾರ್ಥನೆ ಇಲ್ಲ, ನನ್ನ ಮಗುವಿಗೆ ಉಳಿದದ್ದು ಆ ಒಂದು ಸಾಲು. ಅದನ್ನೂ ನೀವು ಪೆನ್ನಿನಲ್ಲಿ ಹೊಡೆದು ಹಾಕಿ ಬಂದ್ರಿ.”

ಆ ಭಾನುವಾರವೇ ಅವಳು ಸಭೆಯಲ್ಲಿ ದನಿ ಎತ್ತಿದ್ದು.

*

ನಾಲ್ಕು ಗಂಟೆಗೂ ಸಿಮೆಟ್ರಿಯಲ್ಲಿ ಲೂ ಬೀಸುತ್ತಿತ್ತು. ಬಿಸಿಗಾಳಿಗೆ ಅಯ್ಯನವರ ನಿಲುವಂಗಿ ಕಾಲಿಗೆ ಸುತ್ತಿಕೊಂಡಿತು. ಪೆಟ್ಟಿಗೆಯ ಸಂದಿನಿಂದ ಐಸಿನ ನೀರು ತೊಟ್ಟಿಕ್ಕುತ್ತಿತ್ತು. ಹೊತ್ತವರು ಒದ್ದೆಯಾದರು, ಗುಂಡಿಯ ಉದ್ದ ಸಾಲದೆ ತೋಡುವವರು ಮತ್ತೆ ಗುದ್ದಲಿ ಹಿಡಿದರು. ನಲವತ್ತು ಜನ ಬಿಸಿಲಿನಲ್ಲಿ ಕಾದರು.

“ಆ ಬಡಗಿಯನ್ನ ಮೊದಲು ಹೂಳ್ಬೇಕು,” ಎಂದು ಲೀಲಮ್ಮ ಗೊಣಗಿದರು.

ಕಡೆಗೂ ಅಯ್ಯನವರು ಪುಸ್ತಕ ತೆರೆದು ವಿಶ್ವಾಸಪ್ರಮಾಣ ಆರಂಭಿಸಿದರು. ಸಭೆ ದನಿಗೂಡಿಸಿತು. ಬೇಗ ಮುಗಿಸಿ ನೆರಳಿಗೆ ಹೋಗುವ ಆತುರದ ದನಿ ಅದು. ಸತ್ತನು ಎಂದರು, ಹೂಣಿಡಲ್ಪಟ್ಟನು ಎಂದರು.

ಎಲ್ಲರೂ ನಿಂತರು.

ಯಾರೂ ಯೋಚಿಸಿ ನಿಂತದ್ದಲ್ಲ. ಹದಿನಾರು ವರ್ಷ ಅಲ್ಲಿ ನಿಂತು ಅಭ್ಯಾಸವಾದ ಬಾಯಿಗಳು ತಾವಾಗಿ ಮುಚ್ಚಿಕೊಂಡವು. ಮೆಥೊಡಿಸ್ಟರೂ ನಿಂತರು, ಅಯ್ಯನವರೂ ನಿಂತರು, ಪುಸ್ತಕದ ಮೇಲೆ ಬೆರಳಿಟ್ಟುಕೊಂಡು. ಅವಳ ದನಿ ಬರಲಿಲ್ಲ. ಬರುವುದಿಲ್ಲವೆಂದು ನೆನಪಾಗಿ ಒಬ್ಬರ ಮುಖ ಒಬ್ಬರು ನೋಡಿದರು. ಸರಳಾ ಮಾತ್ರ ಅಪ್ಪನ ಮುಖ ನೋಡುತ್ತಿದ್ದಳು.

ಜಯಾನಂದನಿಗೆ ನೀಲಾವತಿಯ ಮೇಲೆ ಹತ್ತಿದ ಸಿಟ್ಟು ಅಷ್ಟಿಷ್ಟಲ್ಲ. ಬೇಕೆಂದೇ ಹೀಗೆ ಮಾಡಿದಳು! ತನ್ನನ್ನು ಈ ಮೌನದಲ್ಲಿ ನಿಲ್ಲಿಸಬೇಕೆಂದೇ ಹದಿನಾರು ವರ್ಷ ಇವರಿಗೆಲ್ಲ ತಾಲೀಮು ಕೊಟ್ಟಳು! ಹಾಗಂದುಕೊಳ್ಳುತ್ತಲೇ ಅವಳು ಬೇಕು ಅನ್ನಿಸಿತು. ಬಗ್ಗಿ ಗುಂಡಿಯ ದಂಡೆಯಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡ. ಪೆಟ್ಟಿಗೆಯ ಮೇಲೆ ಹಾಕುತ್ತಾನೆಂದು ಎಲ್ಲರೂ ಜಾಗ ಬಿಟ್ಟರು. ಅವನು ತಿರುಗಿ ಗೋರಿಗಳ ನಡುವೆ ನಡೆದುಬಿಟ್ಟ.

“ಎಲ್ಲಿಗೆ ಹೋದ್ರಪ್ಪಾ ಇವ್ರು? ತಲೆಗೆ ಬಿಸಿಲು ಹತ್ತಿತಾ?” ಎಂದರು ಬಿದ್ದಯ್ಯ.

ಅವನು ಗೋಡೆಯ ಹತ್ತಿರ ಹೋಗಿ ನಿಂತ. ಅಂದು ಇಟ್ಟಿಗೆಯ ಮೋಟುಗೋಡೆ ಇತ್ತು, ಪಕ್ಕದಲ್ಲೊಂದು ಬೇವು. ಈಗ ಗೋಡೆ ಸಿಮೆಂಟಿನದು, ಬೇವುಗಳು ನಾಲ್ಕು. ಅಂದಿನದು ಯಾವುದು? ಮೊದಲನೆಯದರ ಬುಡದಲ್ಲಿ ಚಿಟಿಕೆ ಮಣ್ಣು ಹಾಕಿ ಬಾಯಿ ತೆರೆದ. ದನಿ ಬರಲಿಲ್ಲ. ಎರಡನೆಯ ಸಲ ತೆರೆದಾಗ ಬಂದ ದನಿ ಆಚೆ ಗುಂಡಿಯ ಸುತ್ತ ನಿಂತವರಿಗೂ ಕೇಳಿಸಿತು.

“ಪಾತಾಳಕ್ಕೆ ಇಳಿದನು.”

ಅಯ್ಯನವರು ನಿಟ್ಟುಸಿರು ಬಿಟ್ಟು, “ಮೂರನೆಯ—” ಎಂದು ಶುರು ಮಾಡಿದರು.

ಲೀಲಮ್ಮ ಅವರ ತೋಳು ಹಿಡಿದು ಜಗ್ಗಿದರು. “ಸ್ವಲ್ಪ ತಡೀರಿ ಅಯ್ಯನವರೇ! ಅವಸರ ಏನಿದೆ? ಅವರದ್ದು ಇನ್ನೂ ಮುಗಿದಿಲ್ಲ.”

ಸಭೆ ಬಿಸಿಲಿನಲ್ಲಿ ಹಾಗೆಯೇ ನಿಂತಿತು. ಜಯಾನಂದ ಬಗ್ಗಿ ನೆಲ ನೋಡಿದ, ಅಲ್ಲವೆಂದು ತಲೆಯಾಡಿಸಿದ, ಮುಷ್ಟಿಯಲ್ಲಿ ಉಳಿದ ಮಣ್ಣನ್ನು ಬಿಗಿಹಿಡಿದುಕೊಂಡು ಗೋಡೆಗುಂಟ ಎರಡನೆಯ ಬೇವಿನ ಕಡೆಗೆ ನಡೆದ.