ಗಂಡಸರ ಮಾತ್ರೆ

ದೀಪ ಆರಿಸಿ ಬಹಳ ಹೊತ್ತಾಗಿರಲಿಲ್ಲ. ಊರು ಮಾತ್ರ ಮಲಗಿ ಬಹಳ ಹೊತ್ತಾಗಿತ್ತು. ಅತ್ತೆಯ ಮಂಚದ ಕೆಳಗಿನ ಸ್ಟೀಲ್ ಚೊಂಬಿನೊಳಗೆ ಏನೋ ಟಿಣ್ ಎಂದು ಬಿತ್ತು. ಅತ್ತೆಯ ಉಸಿರಿಗೇ ಕಿವಿಗೊಟ್ಟು ಮಲಗುವ ವನಜಾಕ್ಷಿ ಎದ್ದು ಹೋಗಿ ನೋಡಿದಳು. ಚೊಂಬಿನ ತಳದಲ್ಲಿ, ಆಗಷ್ಟೇ ತಾನು ಕೈಯಾರೆ ಕೊಟ್ಟು ಬಂದಿದ್ದ ಮಾತ್ರೆ ಇತ್ತು.

"ಯಾಕತ್ತೆ ಉಗುಳಿದ್ರಿ?"

ನಾಗರತ್ನಮ್ಮ ಗೋಡೆಯ ಕಡೆ ತಿರುಗಿದರು. "ಅದು ಗಂಡಸ್ರ ಮಾತ್ರೆ ಅಂತೆ ಕಣಮ್ಮ. ಸಿದ್ದಪ್ಪ ಜಗುಲಿ ಮೇಲೆ ಎಲ್ರ ಮುಂದೆ ಮಾತ್ರೆ ಹೆಸ್ರು ಓದಿ ಹೇಳ್ಬುಟ್ಟ. ಗಂಡ ಇಲ್ದೋಳು ನಾನು. ಈ ಪುರವರ ಊರಾಗೆ ತಲೆ ಎತ್ತಿ ತಿರುಗ್ಲಾ, ಬ್ಯಾಡ್ವಾ?"

ಸಿದ್ದಪ್ಪ ಎಂದರೆ ಅತ್ತೆಯ ಮೈದುನ ಕಾಡಸಿದ್ದಪ್ಪ. ಪಕ್ಕದ ಮನೆಯವರು.

ವನಜಾಕ್ಷಿ ಮಧುಗಿರಿಯಲ್ಲಿ ಬಿ.ಎಸ್ಸಿ. ಓದಿದವಳು. ಮಂಚದ ಅಂಚಿನಲ್ಲಿ ಕೂತು, ಡಾಕ್ಟರು ಹೇಳಿದ್ದನ್ನು ತೂಗಿ ತೂಗಿ ಹೇಳಿದಳು. ಸೌದೆ ಒಲೆಯ ಹೊಗೆ ಕುಡಿದು ಶ್ವಾಸಕೋಶ ಕೆಟ್ಟಿದೆ. ಅಲ್ಲಿ ಆಮ್ಲಜನಕ ಕಡಿಮೆಯಾದಾಗ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ರಕ್ತ ನೂಕಲು ಹೃದಯ ಏಗಬೇಕಾಗುತ್ತದೆ. ನಾಳಗಳನ್ನು ಸಡಿಲಿಸಲು ಮೈಯೇ ನೈಟ್ರಿಕ್ ಆಕ್ಸೈಡ್ ಎಂಬ ಗಾಳಿ ಮಾಡಿಕೊಳ್ಳುತ್ತದೆ. ಅದರ ಕೆಲಸ ಬೇಗ ಮುಗಿದುಹೋಗದಂತೆ ಮಾತ್ರೆ ನೋಡಿಕೊಳ್ಳುತ್ತದೆ. ಗಂಡಸ್ತನಕ್ಕೆಂದು ಗಂಡಸರು ನುಂಗುವುದೂ ಇದೇ ಮಾತ್ರೆ; ಗಾಳಿ ಅದೇ, ಜಾಗ ಬೇರೆ.

"ಜಾಗ ಬ್ಯಾರೆ ಅಂತ ಊರೋರ್ಗೆ ನೀನು ಹೇಳ್ತೀಯಾ?"

ಸೊಸೆಯಾದವಳು ಜಗುಲಿಯ ಗಂಡಸರ ಮುಂದೆ ಅದನ್ನು ಹೇಳುವಂತಿರಲಿಲ್ಲ.

ಬೆಳಿಗ್ಗೆ ಅತ್ತೆ ಬಚ್ಚಲಿಗೆ ಹೋಗುವಷ್ಟರಲ್ಲಿ ದಮ್ಮು ಹತ್ತಿ ಎರಡು ಕಡೆ ಕೂತರು. ತುಟಿ ನೀಲಿಗಟ್ಟಿತ್ತು. ಹೀಗೇ ಬಿಟ್ಟರೆ ಹೃದಯ ಸೋತುಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ವನಜಾಕ್ಷಿ ಗಂಡ ಪ್ರಭುದೇವನಿಗೆ ವಿಷಯ ತಿಳಿಸಿದಳು. ಅವನು ತಲೆ ಕೆರೆದುಕೊಂಡು ಸಿರಾಕ್ಕೆ ಕೆಲಸಕ್ಕೆ ಹೋದ.

ಸ್ವಲ್ಪ ಹೊತ್ತಿಗೆ ಕಾಡಸಿದ್ದಪ್ಪ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ದನಿ ತಗ್ಗಿಸಿದರು.

"ಅತ್ತಿಗೆ ಒಲ್ಲೆ ಅಂತಾಳಂತಲ್ಲ, ಪ್ರಭು ಹೇಳ್ದ. ಮಾತ್ರೆ ಸುಮ್ನೆ ಹಾಳಾಯ್ತವೆ. ಒಂದೆರಡು ಕೊಡಮ್ಮ. ನಂಗಲ್ಲ. ಕೊರಟಗೆರೆ ಸ್ನೇಹಿತನಿಗೆ."

"ಆ ಸ್ನೇಹಿತರು ಎದೆನೋವು ಬಂದ್ರೆ ನಾಲಿಗೆ ಕೆಳಗೆ ಮಾತ್ರೆ ಇಟ್ಕೊಳ್ತಾರಾ ಮಾವ, ನಿಮ್ ಥರ?"

"ಇಟ್ಕೊಂತಾನೆ."

"ಹಂಗಾದ್ರೆ ಬೇಡಿ. ಅದು ರಕ್ತನಾಳ ಸಡಿಲಿಸೋ ಗಾಳಿ ಬಿಡುತ್ತೆ, ಇದು ಆ ಗಾಳಿ ಕೆಲಸ ಮುಗಿಯೋಕೆ ಬಿಡಲ್ಲ. ಎರಡೂ ಸೇರಿದ್ರೆ ಬಿ.ಪಿ. ಕುಸಿದು, ಬಿದ್ದ ಸ್ನೇಹಿತರು ಮತ್ತೆ ಏಳಲ್ಲ."

ಕಾಡಸಿದ್ದಪ್ಪ ಸ್ನೇಹಿತನ ಬಗ್ಗೆ ಸ್ವಲ್ಪ ಹೊತ್ತು ಚಿಂತಿಸಿದರು. ಆಮೇಲೆ ಕಾಫಿ ಬೇಡವೆಂದು ಹೊರಟುಹೋದರು.

ಕೋಣೆಯಲ್ಲಿ ಅತ್ತೆ ಕೆಮ್ಮುತ್ತಿದ್ದಾರೆಂದು ವನಜಾಕ್ಷಿ ಓಡಿದಳು. ಅಡುಗೆಮನೆಯ ಮಾತೆಲ್ಲ ಗೋಡೆಯಾಚೆಗೆ ಕೇಳಿಸಿತ್ತು; ಅವರು ನಗುತ್ತಿದ್ದರು.

"ತತ್ತಾ ಆ ಮಾತ್ರೆನ. ಇನ್ನೊಂದ್ಸಲ ಅವ್ನು ಜಗುಲಿ ಮ್ಯಾಲೆ ಬಾಯಿ ಬುಟ್ರೆ, ಕೊರಟಗೆರೆ ಸ್ನೇಹಿತ ಹೆಂಗವ್ನೆ ಅಂತ ಕೇಳ್ತೀನಿ."

ನುಂಗಿ, ಬಾಯಿ ತೆರೆದು ತೋರಿಸಿದರು.

ಸಂಜೆ ಪ್ರಭುದೇವ ಬಂದವನೇ ಕೇಳಿದ: "ಅಮ್ಮ ಹೆಂಗೆ ಒಪ್ಕೊಂಡ್ಲು?"

ವನಜಾಕ್ಷಿ ಹೇಳಲೆಂದು ಬಾಯಿ ತೆರೆದಳು. ಇವನಿಗೆ ಹೇಳಿದರೆ ನಾಳೆಗೆ ಜಗುಲಿ ತಲುಪುತ್ತದೆ. ಎಲ್ಲರಿಗೂ ಗೊತ್ತಾದ ಮೇಲೆ ಮೈದುನನ ಬಾಯಿ ಮುಚ್ಚಿಸಲು ಅತ್ತೆಯ ಕೈಯಲ್ಲಿ ಏನೂ ಉಳಿಯುವುದಿಲ್ಲ, ಮಾತ್ರೆ ಮತ್ತೆ ಚೊಂಬಿಗೆ ಬೀಳುತ್ತದೆ.

"ನೈಟ್ರಿಕ್ ಆಕ್ಸೈಡ್ ಬಗ್ಗೆ ವಿವರಿಸಿ ಹೇಳ್ದೆ," ಎಂದಳು. ಅದು ಸುಳ್ಳೇನಲ್ಲ. ಉಳಿದದ್ದನ್ನು ಯಾರಿಗೂ ಹೇಳಬಾರದೆಂದು ತೀರ್ಮಾನಿಸಿ, ಚೊಂಬು ತೊಳೆಯಲು ಎದ್ದಳು.