ತೂಕದಕ್ಕನ ಕಡೆಯವರು

ತರಕಾರಿ ಸಗಟು ಮಾರುಕಟ್ಟೆಯ ಹೆಬ್ಬಾಗಿಲ ಪಕ್ಕದಲ್ಲಿ ನೆಲಮಟ್ಟಕ್ಕೆ ಕೂರಿಸಿದ ದೊಡ್ಡ ತೂಕದ ಯಂತ್ರವಿತ್ತು. ಹನ್ನೊಂದು ವರ್ಷದಿಂದ ಅದರ ಹಿಂದಿನ ಸ್ಟೂಲಿನ ಮೇಲೆ ಕೂತಿದ್ದವಳನ್ನು ಎಲ್ಲರೂ ತೂಕದಕ್ಕ ಎನ್ನುತ್ತಿದ್ದರು. ರೈತರು ತಂದ ಆಲೂಗಡ್ಡೆ, ಈರುಳ್ಳಿ ಮೂಟೆಗಳನ್ನು ತೂಗಿ ಚೀಟಿ ಬರೆದುಕೊಡುವುದು ಅವಳ ಕೆಲಸ.

ಒಂದು ಬೆಳಿಗ್ಗೆ ವರ್ತಕರ ಸಂಘದ ಅಧ್ಯಕ್ಷ, ಜನರ ಬಾಯಲ್ಲಿ ಮೀಸೆ ಯಜಮಾನ, ಅವಳ ಹತ್ತಿರ ಬಂದು ಬೆಣ್ಣೆಯಂಥ ದನಿಯಲ್ಲಿ ಹೇಳಿದ: "ತೂಕದಕ್ಕ, ಇನ್ಮೇಲೆ ಮೂಟೆಗೆ ಐದು ಕೇಜಿ ಕಮ್ಮಿ ಬರೀರಿ. ಗೋಣಿಚೀಲದ ತೂಕ ಅಂದ್ಕೊಳ್ಳಿ."

"ಐದು ಕೇಜಿ ಗೋಣಿಚೀಲವಾ? ಕಬ್ಬಿಣದಲ್ಲಿ ಹೊಲಿಸಿದ್ದಾರಾ ಯಜಮಾನ್ರೇ?"

ಸುತ್ತಲಿದ್ದ ಹಮಾಲರು ಗೊಳ್ಳೆಂದರು. ಯಜಮಾನನ ಮೀಸೆ ಮಾತ್ರ ಅಲುಗಲಿಲ್ಲ.

ಮರುದಿನ ಸ್ಟೂಲು ಮಾಯವಾಯಿತು. ಅವಳು ಟೊಮೇಟೊ ಕ್ರೇಟೊಂದನ್ನು ಬೋರಲು ಹಾಕಿ ಕೂತಳು. ಚಹಾದವನು, ಹಾಲು ಅವಳ ಕಣ್ಣೆದುರೇ ಉಕ್ಕಿ ಒಲೆಗೆ ಸುರಿಯುತ್ತಿದ್ದರೂ, "ಹಾಲು ಮುಗೀತಕ್ಕ" ಎಂದ. ನಕ್ಕಿದ್ದ ಹಮಾಲರು ಈಗ ಅವಳನ್ನು ಕಂಡರೆ ತಮ್ಮ ಕಾಲ್ಬೆರಳು ನೋಡಿಕೊಳ್ಳುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಇಪ್ಪತ್ತೇಳು ವರ್ತಕರು ಸಹಿ ಹಾಕಿದ ದೂರು ಮೇಲಿನ ಕಚೇರಿಗೆ ಹೋಯಿತು: ಯಂತ್ರವೂ ಸುಳ್ಳು, ಅದರ ಹಿಂದೆ ಕೂತವಳೂ ಸುಳ್ಳು. ಶುಕ್ರವಾರ ಅಧಿಕಾರಿ ಬಂದು ತೀರ್ಮಾನ ಮಾಡುತ್ತಾರೆ ಎಂದು ಸುದ್ದಿ ಬಂತು.

ಅವಳ ಗಂಡ ದರ್ಜಿ. ಸುದ್ದಿ ಕೇಳಿ ಯಾರದೋ ಅಂಗಿಗೆ ಎರಡು ಎಡತೋಳು ಹೊಲಿದುಬಿಟ್ಟ.

"ಇಪ್ಪತ್ತೇಳು ಜನ ಕಣೇ! ನಿನ್ನ ಕಡೆ ಯಾರಿದ್ದಾರೆ?"

"ದೇವರಿದ್ದಾನೆ."

"ಅವನು ಬಂದು ಸಹಿ ಹಾಕ್ತಾನಾ?"

"ನೀವು ಹಾಕ್ತೀರಾ?"

ದರ್ಜಿ ಬಿದ್ದ ಗುಂಡಿ ಹುಡುಕುವವನಂತೆ ಮಂಚದ ಕೆಳಗೆ ಬಗ್ಗಿದ.

ಶುಕ್ರವಾರ ಬೆಳಿಗ್ಗೆ ತೂಕದಕ್ಕ ಅಡುಗೆಮನೆಯ ಗೋಡೆಗೆ ಒರಗಿ ನಿಂತು ಕಣ್ಣು ಮುಚ್ಚಿದಳು. "ದೇವರೇ, ಅವರು ಇಪ್ಪತ್ತೇಳು, ನೀನೊಬ್ಬ. ನನಗೆ ಸಾಕು. ಆದ್ರೆ ಈ ಮಾತು ನನ್ನ ಮಂಡಿಗಳಿಗೆ ಇನ್ನೂ ತಲುಪಿಲ್ಲ, ಗಡಗಡ ಅಂತಿವೆ. ಅವಕ್ಕೆ ನೀನೇ ಸ್ವಲ್ಪ ಹೇಳು. ನಾನಂತೂ ಸುಳ್ಳು ಬರೆಯಲ್ಲ. ಮಿಕ್ಕಿದ್ದೆಲ್ಲ ನಿಂದು." ಹೀಗೆ ಭಾರ ಇಳಿಸಿ ತನ್ನ ತಿಂಡಿ ತಿಂದಳು. ಗಂಡ ತಟ್ಟೆ ಮುಟ್ಟದ್ದರಿಂದ ಅವನದನ್ನೂ ತಿಂದಳು.

ಅಧಿಕಾರಿ ಬಂದಾಗ ವರ್ತಕರು ಅವಳ ಸುತ್ತ ಬೇಲಿ ಹಾಕಿದಂತೆ ನಿಂತಿದ್ದರು. ಮಂಡಿಗಳು ದೇವರ ಮಾತನ್ನು ಇನ್ನೂ ಕೇಳಿರಲಿಲ್ಲ. ಅವಳ ದನಿ ಮಾತ್ರ ಆ ಮಾತು ಕೇಳಿ ಗಟ್ಟಿಯಾಗಿತ್ತು.

"ನೀವೇನಮ್ಮ ಹೇಳ್ತೀರಿ?" ಎಂದರು ಅಧಿಕಾರಿ.

"ಯಂತ್ರ ಇಲ್ಲೇ ಇದೆ ಸಾರ್. ತೂಗಿ ನೋಡಿ."

ಪರೀಕ್ಷೆಯ ತೂಕದ ಬಟ್ಟುಗಳನ್ನು ಅಧಿಕಾರಿಯ ಜೀಪಿನ ಚಾಲಕ ಕಚೇರಿಯಲ್ಲೇ ಮರೆತು ಬಂದಿದ್ದ. ಅಧಿಕಾರಿ ತಲೆ ಕೆರೆದುಕೊಂಡರು. "ಸರಿಯಾದ ತೂಕ ಗೊತ್ತಿರೋದು ಏನಾದ್ರೂ ಇದೆಯಾ ಇಲ್ಲಿ?"

"ನಾನೇ ಇದ್ದೀನಲ್ಲ ಸಾರ್!" ಮೀಸೆ ಯಜಮಾನ ಎದೆಯುಬ್ಬಿಸಿ ಮುಂದೆ ಬಂದ. "ನಿನ್ನೆ ತಾನೇ ಆಸ್ಪತ್ರೇಲಿ ತೂಗಿಸಿದೆ. ಎಂಬತ್ತೆರಡು. ಒಂದು ಗ್ರಾಂ ಜಾಸ್ತಿ ಇಲ್ಲ."

ಹತ್ತಿ ನಿಂತ. ಕೆಂಪು ಅಂಕಿಗಳು ತೊಂಬತ್ತಾರಕ್ಕೆ ಹೋಗಿ ನಿಂತವು.

"ನೋಡಿದ್ರಾ! ಹದಿನಾಲ್ಕು ಕೇಜಿ ಸುಳ್ಳು!" ವರ್ತಕರು ಹೋ ಎಂದು ಕೂಗಿದರು. 'ಏನಪ್ಪಾ ಇದು, ನಿನ್ನ ಕೈಗೆ ಕೊಟ್ಟೆನಲ್ಲ' ಎಂದು ತೂಕದಕ್ಕ ಒಳಗೇ ದೇವರನ್ನು ಕೇಳಿದಳು. ಆದರೂ ಕದಲಲಿಲ್ಲ. "ಯಂತ್ರ ಸರಿಯಾಗಿದೆ ಸಾರ್" ಎಂದಳು, ಅಷ್ಟೆ.

ಆ ಗದ್ದಲದ ನಡುವೆ ಊಟದ ಡಬ್ಬಿ ಹಿಡಿದು ಯಜಮಾನನ ಹೆಂಡತಿ ಬಂದಳು. ಅಂಕಿ ನೋಡಿದಳು, ಗಂಡನನ್ನು ನೋಡಿದಳು.

"ಏನ್ರೀ ಇದು, ಎಲ್ಲರ ಮುಂದೆ ತೂಗಿಸ್ಕೊಂಡು ನಿಂತಿದ್ದೀರ? ನಿನ್ನೆ ಡಾಕ್ಟರು ತೊಂಬತ್ತಾರು ಅಂತ ಬೈದಿದ್ದು ಸಾಲದಾ?"

"ಸುಮ್ನಿರೇ!"

"ಯಾಕೆ ಸುಮ್ನಿರ್ಲಿ? ಚೀಟಿ ಇಲ್ಲೇ ಇದೆ." ಚೀಲದಿಂದ ತೆಗೆದು ಅಧಿಕಾರಿಗೇ ಕೊಟ್ಟಳು. "ನೀವಾದ್ರೂ ಹೇಳಿ ಸಾರ್, ನನ್ನ ಮಾತು ಕೇಳಲ್ಲ ಇವರು."

ಅಧಿಕಾರಿ ಚೀಟಿ ಓದಿದರು, ಅಂಕಿ ನೋಡಿದರು, ಕೆಮ್ಮಿದರು. ಆ ಕೆಮ್ಮಿನ ತುಂಬ ನಗುವಿತ್ತು. ಮೊದಲು ಹಮಾಲರು ನಕ್ಕರು, ಆಮೇಲೆ ಚಹಾದವನು, ಕೊನೆಗೆ ಸಹಿ ಹಾಕಿದವರೇ ಹೊಟ್ಟೆ ಹಿಡಿದುಕೊಂಡರು. ಯಂತ್ರ ಸರಿಯಾಗಿದೆ, ದೂರು ಸುಳ್ಳು ಎಂದು ಅಧಿಕಾರಿ ಅಲ್ಲೇ ಬರೆದು ಸಹಿ ಹಾಕಿದರು.

ಸಂಜೆ ದರ್ಜಿ ಅನುಮಾನದಿಂದ ಕೇಳಿದ: "ಅವರ ಹೆಂಡತೀನ ನೀನೇ ತಾನೇ ಕರೆಸಿದ್ದು?"

"ಅಯ್ಯೋ, ಅವರ ಮುಖ ಕೂಡ ನಾನು ಇವತ್ತೇ ನೋಡಿದ್ದು. ಚೀಟಿ ಓದೋವರೆಗೂ ನನ್ನ ಜೀವ ಬಾಯಿಗೆ ಬಂದಿತ್ತು ರೀ."

ದರ್ಜಿ ಅಂಗಿಯ ಎರಡನೇ ಎಡತೋಳಿನ ಹೊಲಿಗೆ ಬಿಚ್ಚಿದ. ಆಮೇಲೆ ಮೆಲ್ಲಗೆ, "ನಾಳೆ ಬೆಳಿಗ್ಗೆ ಕಣ್ಣು ಮುಚ್ಚಿ ನಿಂತಾಗ ನನ್ನನ್ನೂ ಕರಿ" ಎಂದ.

ಮುನಿಸೇನೂ ಒಂದೇ ದಿನದಲ್ಲಿ ಕರಗಲಿಲ್ಲ. ಇಬ್ಬರು ವರ್ತಕರು ತಿಂಗಳುಗಟ್ಟಲೆ ಅವಳೊಡನೆ ಮಾತು ಬಿಟ್ಟರು. ಅವರ ಚೀಟಿಯನ್ನೂ ಅವಳು ದುಂಡಗೆ ಬರೆದುಕೊಟ್ಟಳು. ಮೀಸೆ ಯಜಮಾನ ಕಂಡಾಗಲೆಲ್ಲ "ನಮಸ್ಕಾರ ಯಜಮಾನ್ರೇ" ಎಂದು ಗಟ್ಟಿಯಾಗಿ ಕೂಗುತ್ತಿದ್ದಳು. ಅವನು ತಲೆಯಾಡಿಸಿ, ಯಂತ್ರದ ಮೇಲೆ ಹೆಜ್ಜೆ ಬೀಳದಂತೆ ಗೋಡೆಗೆ ಅಂಟಿಕೊಂಡು ಒಳಗೆ ಹೋಗುತ್ತಿದ್ದ.